ಬಾಕ್ಸ್ ಮೇಲೆ ‘12 ಜಿಬಿ ರ್ಯಾಮ್’ ಅಂತ ಇದ್ದರೆ ರೊಕ್ಕ ಕೊಡುವ ಮುಂಚೆ ಇದನ್ನು ಓದಿ

ಕಲಬುರಗಿ, ಯಾದಗಿರಿ, ಬೀದರ್ ಕಡೆ ಯಾರಾದರೂ ಈಗ ಚಿಕ್ಕ ಟ್ಯಾಬ್ ಕೊಳ್ಳಲು ಹೊರಟಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಹೇಳುತ್ತಿರುವುದು ಎಂಟು-ಒಂಬತ್ತು ಇಂಚಿನ, ಹತ್ತರಿಂದ ಹದಿನೈದು ಸಾವಿರದ ಟ್ಯಾಬ್ ಬಗ್ಗೆ. ಬ್ಯಾಗಿನಲ್ಲಿ ಹಾಕಿಕೊಂಡು ಊರೂರು ತಿರುಗಲು, ಪಿಡಿಎಫ್ ಓದಲು, ಒಂದಿಷ್ಟು ವಿಡಿಯೊ ನೋಡಲು ಹೆಚ್ಚಿನವರು ಕೇಳುವುದು ಇದನ್ನೇ. ಈ ಬೆಲೆಗೆ ಒಳ್ಳೆಯ ಟ್ಯಾಬ್‌ಗಳು ಇವೆ. ಆದರೆ ಅದೇ ಬೆಲೆಗೆ, ಅದೇ ಗಾಜಿನ ಕಪಾಟಿನಲ್ಲಿ, ಯಾರೂ ಹೆಸರು ಕೇಳಿರದ ಕಂಪನಿಯ ಟ್ಯಾಬ್ ಇಟ್ಟು, ಬಾಕ್ಸ್ ಮೇಲೆ ದೊಡ್ಡ ದೊಡ್ಡ ಅಂಕಿ ಅಚ್ಚು ಹಾಕಿ ಮಾರುತ್ತಿದ್ದಾರೆ. ರ್ಯಾಮ್ (ಟ್ಯಾಬ್ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಮೆಮೊರಿ) ಇಷ್ಟು, ಸ್ಟೋರೇಜ್ (ಫೈಲ್‌ಗಳನ್ನು ಉಳಿಸಿಡುವ ಜಾಗ) ಇಷ್ಟು ಅಂತ ಬರೆದ ಆ ಅಂಕಿಗಳು ಸುಳ್ಳು. ಬಾಕ್ಸ್ ಮೇಲಿನದ್ದು ಮಾತ್ರ ಅಲ್ಲ, ಟ್ಯಾಬ್ ಒಳಗೆ ಸೆಟ್ಟಿಂಗ್ಸ್‌ನಲ್ಲಿ ತೋರಿಸುವುದೂ ಸುಳ್ಳು.

ನನ್ನ ಮನೆ ಕಲಬುರಗಿ, ಪಾಠ ಮಾಡುವುದು ಯಾದಗಿರಿಯಲ್ಲಿ. ದಿನಾ ರೈಲು. ಶಹಾಬಾದ್, ವಾಡಿ, ನಾಲವಾರ ದಾಟಿ ಯಾದಗಿರಿ ಮುಟ್ಟುವಷ್ಟರಲ್ಲಿ ಆವತ್ತಿನ ಪಾಠ ಒಮ್ಮೆ ಓದಿಕೊಳ್ಳಬಹುದು. ಫೋನಿನಲ್ಲಿ ಓದಿ ಓದಿ ಕಣ್ಣು ಉರಿಯುತ್ತಿತ್ತು. ಸೀಟು ಸಿಗದ ದಿನ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಓದುವ ಸಾಮಾನು, ಅದಕ್ಕೇ ದೊಡ್ಡ ಟ್ಯಾಬ್ ಬೇಡ ಅಂದುಕೊಂಡೆ. ಹನ್ನೊಂದು ಇಂಚಿನವು ಅರ್ಧ ಕಿಲೋ ಹತ್ತಿರ ತೂಗುತ್ತವೆ. ಸ್ಯಾಮ್‌ಸಂಗ್‌ನ 8.7 ಇಂಚಿನ ಟ್ಯಾಬ್ ಎ9 ತೂಕ 332 ಗ್ರಾಂ. ಈ ವ್ಯತ್ಯಾಸ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ, ವಾಡಿ ದಾಟುವಷ್ಟರಲ್ಲಿ ಮಣಿಕಟ್ಟಿಗೆ ಗೊತ್ತಾಗುತ್ತದೆ.

ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಗೆ ಹೋಗಿ ಅದನ್ನೇ ಕೇಳಿದೆ. ಅಂಗಡಿ ಹೆಸರು ಬರೆಯುವುದಿಲ್ಲ, ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ. ಕೌಂಟರ್‌ನಲ್ಲಿದ್ದ ಹುಡುಗ, "ಅದು ಸ್ಟಾಕ್ ಇಲ್ರೀ ಮೇಡಂ. ಅದರಾಗ ಏನದ, ಬರೇ ನಾಕು ಜಿಬಿ ರ್ಯಾಮ್. ಇದು ನೋಡ್ರಿ, ಹನ್ನೆರಡು ಜಿಬಿ, 256 ಸ್ಟೋರೇಜ್, ಸಿಮ್ ಹಾಕಬಹುದು, ಕವರ್, ಕೀಬೋರ್ಡ್ ಎಲ್ಲಾ ಫ್ರೀ. ಭಾಳ ಚಲೋ ಅದ" ಅಂತ ಇನ್ನೊಂದು ಬಾಕ್ಸ್ ಮುಂದಿಟ್ಟ. ಬೆಲೆ 11,500. ನಾನು ಸೆಟ್ಟಿಂಗ್ಸ್ ತೆಗೆದು ತೋರಿಸು ಅಂದೆ. ತೋರಿಸಿದ. ರ್ಯಾಮ್ 12 ಜಿಬಿ, ಸ್ಟೋರೇಜ್ 256 ಜಿಬಿ, ಆಂಡ್ರಾಯ್ಡ್ 14. ಎಲ್ಲಾ ಬಾಕ್ಸ್‌ಗೆ ಸರಿಯಾಗಿ ಹೊಂದುತ್ತಿತ್ತು.

ಮನೆಗೆ ತಂದು ಪುಸ್ತಕ, ಹಳೇ ಪ್ರಶ್ನೆಪತ್ರಿಕೆ, ಡೌನ್‌ಲೋಡ್ ಮಾಡಿದ ಪಾಠದ ವಿಡಿಯೊ ಎಲ್ಲಾ ಲ್ಯಾಪ್‌ಟಾಪ್‌ನಿಂದ ಅದಕ್ಕೆ ಹಾಕಿದೆ. ಕಾಪಿ ಆಗುವಾಗ ಯಾವ ತಕರಾರೂ ಇಲ್ಲ. ರೈಲಿನಲ್ಲಿ ಕೂತು ಒಂದು ಪಿಡಿಎಫ್ ತೆರೆದರೆ ಬಿಳಿ ಹಾಳೆ. ಇನ್ನೊಂದು ತೆರೆದೆ, ಅದೂ ಬಿಳಿ. ಫೈಲ್ ಹೆಸರು ಇದೆ, ಎಷ್ಟು ಎಂಬಿ ಅಂತಲೂ ಸರಿಯಾಗಿ ತೋರಿಸುತ್ತದೆ, ಒಳಗೆ ಏನೂ ಇಲ್ಲ. ವಿಡಿಯೊಗಳ ಜಾಗದಲ್ಲಿ ಬೂದು ಬಣ್ಣದ ಚೌಕ. ಮೊದಲು ಸರಿಯಾಗಿ ತೆರೆಯುತ್ತಿದ್ದ ಫೈಲ್‌ಗಳೂ ಹೊಸದು ಹಾಕಿದ ಮೇಲೆ ಒಂದೊಂದಾಗಿ ಕೆಟ್ಟವು.

ನಮ್ಮಕ್ಕನ ಮಗ ಮೊಬೈಲ್ ರಿಪೇರಿ ಮಾಡುತ್ತಾನೆ. ಅವನು ಕೈಯಲ್ಲಿ ಹಿಡಿದು ನೋಡಿದ ಕೂಡಲೇ, "ಚಿಕ್ಕಮ್ಮಾ, ಇದು ಬದಲಿಸಿ ಬರೆದದ್ದು" ಅಂದ. ಒಳಗೆ ಇದ್ದದ್ದು 32 ಜಿಬಿಯ ಚಿಪ್, 2 ಜಿಬಿ ರ್ಯಾಮ್. ಸಾಫ್ಟ್‌ವೇರ್‌ನಲ್ಲಿ ಆ ಅಂಕಿಗಳನ್ನು ತಿದ್ದಿ, ಎಲ್ಲಿ ನೋಡಿದರೂ 12, 256 ಅಂತ ಕಾಣುವ ಹಾಗೆ ಮಾಡಿರುತ್ತಾರೆ. ಚಿಪ್ ತುಂಬಿದ ಮೇಲೂ ಟ್ಯಾಬ್ "ಜಾಗ ಇದೆ" ಅನ್ನುತ್ತಲೇ ಇರುತ್ತದೆ. ಆಮೇಲೆ ಹಾಕಿದ್ದು ಎಲ್ಲೂ ಉಳಿಯುವುದಿಲ್ಲ, ಇಲ್ಲವೇ ಹಳೆಯದರ ಮೇಲೆ ಹೋಗಿ ಕೂರುತ್ತದೆ. ಆಂಡ್ರಾಯ್ಡ್ ಕೂಡ ಅಷ್ಟೇ. ಮೇಲೆ 14 ಅಂತ ಬರೆದಿದೆ, ಆದರೆ ಅವನು ಒಂದು ಆ್ಯಪ್ ಹಾಕಿ ಎಪಿಐ ಲೆವೆಲ್ (ಆಂಡ್ರಾಯ್ಡ್‌ನ ಆವೃತ್ತಿ ಯಾವುದು ಅಂತ ಹೇಳುವ ಒಳಗಿನ ನಂಬರ್) ನೋಡಿದರೆ 27. ಅದು ಆಂಡ್ರಾಯ್ಡ್ 8.1ರ ನಂಬರ್. 14 ಆಗಿದ್ದರೆ 34 ಇರಬೇಕಿತ್ತು. ಕೆಲವು ಆ್ಯಪ್‌ಗಳು ಪ್ಲೇ ಸ್ಟೋರ್‌ನಲ್ಲಿ "ಈ ಡಿವೈಸ್‌ಗೆ ಆಗುವುದಿಲ್ಲ" ಅಂತ ಯಾಕೆ ಬರುತ್ತಿದ್ದವು ಅನ್ನುವುದು ಆಗ ತಿಳಿಯಿತು. ಇಷ್ಟು ಹಳೆಯ ಆಂಡ್ರಾಯ್ಡ್‌ಗೆ ಈಗ ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ. ಅದರಲ್ಲಿ ಇಮೇಲ್, ಬ್ಯಾಂಕ್ ಯಾವುದೂ ತೆರೆಯಬೇಡಿ ಅಂತ ಅವನು ಬೈದೇ ಹೇಳಿದ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ಇದರ ಮರೆಯಲ್ಲೇ ಈ ಮೋಸ ನಡೆಯುತ್ತಿದೆ. ಹೆಸರಿರುವ ಕಂಪನಿಗಳೂ ಈಗ "4+4" ಅಂತ ಬರೆಯುತ್ತವೆ. ಅದು ಸುಳ್ಳಲ್ಲ, ಆದರೆ 8 ಜಿಬಿ ರ್ಯಾಮ್ ಅಂತೂ ಅಲ್ಲವೇ ಅಲ್ಲ. ನಿಜವಾದ ರ್ಯಾಮ್ 4, ಉಳಿದ 4 ಸ್ಟೋರೇಜ್‌ನಿಂದ ಎರವಲು ತಂದದ್ದು. ಸ್ಟೋರೇಜ್ ರ್ಯಾಮ್‌ಗಿಂತ ತುಂಬಾ ನಿಧಾನ. ಅಡುಗೆ ಕಟ್ಟೆ ಮೇಲೆ ಜಾಗ ಸಾಲದೆ ಪ್ರತಿ ಸಲ ಅಟ್ಟದಿಂದ ಡಬ್ಬಿ ಇಳಿಸಿ ಅಡುಗೆ ಮಾಡಿದ ಹಾಗೆ. ಅದಕ್ಕೇ ಕೂಡಿಸಿದ ಅಂಕಿ ನೋಡಲೇಬೇಡಿ, ಪ್ಲಸ್ ಮುಂಚಿನ ಅಂಕಿ ಎಷ್ಟು ಅಂತ ಕೇಳಿ. ಓದು, ವಿಡಿಯೊ, ವಾಟ್ಸ್ಆ್ಯಪ್‌ಗೆ ನಿಜವಾದ 4 ಜಿಬಿ ಸಾಕು. 2 ಇದ್ದರೆ ಬೇಡ. ಸ್ಟೋರೇಜ್ 64ಕ್ಕಿಂತ ಕಡಿಮೆ ಬೇಡ, ಅದರಲ್ಲಿ ಹತ್ತು-ಹದಿನೈದು ಜಿಬಿ ಸಿಸ್ಟಂಗೇ ಹೋಗುತ್ತದೆ. ಮೆಮೊರಿ ಕಾರ್ಡ್ ಹಾಕುವ ಜಾಗ ಇದ್ದರೆ ಒಳ್ಳೆಯದು.

ಸ್ಕ್ರೀನ್ ವಿಷಯ ಇನ್ನೂ ಬೇಜಾರು. ಬಾಕ್ಸ್ ಮೇಲೆ "ಫುಲ್ ಎಚ್‌ಡಿ" ಅಂತ ಇತ್ತು, ಇದ್ದದ್ದು 1024×600 ಪಿಕ್ಸೆಲ್ (ಸ್ಕ್ರೀನಿನ ಚುಕ್ಕೆಗಳ ಲೆಕ್ಕ, ಇದು ಕಡಿಮೆ ಆದಷ್ಟೂ ಅಕ್ಷರ ಮಸುಕು). ಇಂಗ್ಲಿಷ್ ಅಕ್ಷರ ಹೇಗೋ ಓದಬಹುದು. ಕನ್ನಡ ಪಿಡಿಎಫ್ ಇಡೀ ಪುಟ ತೆರೆದರೆ ಒತ್ತಕ್ಷರ ಎಲ್ಲಾ ಒಂದೇ ಕಲೆ. ‘ರಾಷ್ಟ್ರ’ ಅನ್ನುವಲ್ಲಿ ಷ ಕೆಳಗೆ ಏನಿದೆ ಅಂತ ಕಾಣುವುದಿಲ್ಲ. ದೊಡ್ಡದು ಮಾಡಿದರೆ ಸಾಲು ಅರ್ಧಕ್ಕೆ ಕಡಿಯುತ್ತದೆ, ಪ್ರತಿ ಸಾಲಿಗೂ ಬೆರಳಿನಿಂದ ಆಚೆ ಈಚೆ ಎಳೆಯಬೇಕು. ಓದಲೆಂದೇ ತೆಗೆದುಕೊಂಡ ಟ್ಯಾಬ್‌ನಲ್ಲಿ ಓದಲೇ ಆಗದಿದ್ದರೆ ಹೇಗೆ? ಚಿಕ್ಕ ಟ್ಯಾಬ್‌ಗಳಲ್ಲಿ ಈ ಬೆಲೆಗೆ 1340×800 ಸಿಗುತ್ತದೆ, ಅದು ನಡೆಯುತ್ತದೆ. ಅಂಗಡಿಗೆ ಹೋಗುವಾಗ ನಿಮ್ಮದೇ ಒಂದು ಕನ್ನಡ ಪಿಡಿಎಫ್ ಪೆನ್‌ಡ್ರೈವ್‌ನಲ್ಲೋ ಇಮೇಲ್‌ನಲ್ಲೋ ಇಟ್ಟುಕೊಂಡು ಹೋಗಿ. ಪೂರ್ತಿ ಪುಟ ತೆರೆದು ಒತ್ತಕ್ಷರ ಕಾಣುತ್ತದಾ ನೋಡಿ. ಬಾಗಿಲ ಹತ್ತಿರ ಬಿಸಿಲಿಗೆ ಹಿಡಿದೂ ನೋಡಿ, ಕಿಟಕಿ ಪಕ್ಕ ಕೂತಾಗ ಕನ್ನಡಿ ಆಗಿಬಿಡುವ ಸ್ಕ್ರೀನ್ ನಮ್ಮ ಕಡೆ ಉಪಯೋಗಕ್ಕಿಲ್ಲ.

ಸಿಮ್ ಹಾಕಬಹುದು ಅಂದಿದ್ದರಲ್ಲ, ಹಾಕಿದೆ. ಹಿಡಿದದ್ದು 3ಜಿ. ಈಗಿನ ಎಷ್ಟೋ ಸಿಮ್‌ಗಳಿಗೆ 4ಜಿ ಇಲ್ಲದಿದ್ದರೆ ಏನೂ ನಡೆಯುವುದಿಲ್ಲ. ಒಳ್ಳೆಯ ಕಂಪನಿಯದ್ದೇ ಕೊಳ್ಳುವವರೂ ಇದನ್ನು ಕೇಳಿಕೊಳ್ಳಿ: 4ಜಿ ಇದೆಯಾ, ಕರೆ ಮಾಡಬಹುದಾ ಅಥವಾ ಬರೀ ಡೇಟಾನಾ. ವೈಫೈ ಮಾತ್ರ ಇರುವ ಟ್ಯಾಬ್ ಒಂದೆರಡು ಸಾವಿರ ಕಡಿಮೆಗೆ ಸಿಗುತ್ತದೆ, ಫೋನಿನ ಹಾಟ್‌ಸ್ಪಾಟ್ ಹಚ್ಚಿಕೊಂಡು ನಡೆಸಬಹುದು, ಫೋನ್ ಬ್ಯಾಟರಿ ಮಾತ್ರ ಬೇಗ ಇಳಿಯುತ್ತದೆ. ಯುಪಿಐ ಅದರಲ್ಲಿ ನಡೆಯುವುದಿಲ್ಲ, ಬ್ಯಾಂಕ್‌ಗೆ ಕೊಟ್ಟ ನಂಬರಿನ ಸಿಮ್ ಅದರಲ್ಲೇ ಇರಬೇಕು. ಕೆಲವು ವೈಫೈ ಟ್ಯಾಬ್‌ಗಳಲ್ಲಿ ಜಿಪಿಎಸ್ ಕೂಡ ಇರುವುದಿಲ್ಲ, ಐಪ್ಯಾಡ್‌ನ ವೈಫೈ ಮಾಡೆಲ್‌ಗಳಲ್ಲೂ ಇಲ್ಲ. ಗೊತ್ತಿಲ್ಲದ ಊರಲ್ಲಿ ದಾರಿ ನೋಡಲು ಟ್ಯಾಬ್ ಬೇಕು ಅನ್ನುವವರು ಮೊದಲೇ ವಿಚಾರಿಸಿ.

ವಿಡಿಯೊ ನೋಡುವವರಿಗೆ ಇನ್ನೊಂದು. ವಿಡಿಯೊ ಕದಿಯದಂತೆ ಕಾಯುವ ವೈಡ್‌ವೈನ್ ಅನ್ನುವ ವ್ಯವಸ್ಥೆಯಲ್ಲಿ ಎಲ್1 ಅಂತ ಮೇಲಿನ ಹಂತ ಒಂದು ಇದೆ. ಅದು ಇಲ್ಲದೆ ಎಲ್3 ಮಾತ್ರ ಇದ್ದರೆ ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳು ಎಚ್‌ಡಿ ಕೊಡುವುದಿಲ್ಲ, ಸ್ಕ್ರೀನ್ ಎಷ್ಟೇ ಚೆನ್ನಾಗಿದ್ದರೂ ಮಸುಕಾಗಿಯೇ ಬರುತ್ತದೆ. ಡಿಆರ್‌ಎಂ ಇನ್ಫೊ ಅನ್ನುವ ಪುಟ್ಟ ಆ್ಯಪ್ ಹಾಕಿದರೆ ಯಾವುದಿದೆ ಅಂತ ಕೂಡಲೇ ತೋರಿಸುತ್ತದೆ.

ಇಷ್ಟಾದರೂ ರೊಕ್ಕ ಹೋಯಿತು ಅಂತ ಬಿಡಬಹುದಿತ್ತೇನೋ. ಬ್ಯಾಟರಿ ಮಾತ್ರ ನನ್ನನ್ನು ಹೆದರಿಸಿತು. ಮೇ ತಿಂಗಳು. ಟೇಬಲ್ ಮೇಲೆ ಇಟ್ಟ ಟ್ಯಾಬ್ ಬೆರಳು ತಾಗಿದರೆ ಅಲ್ಲಾಡುತ್ತಿತ್ತು. ತಿರುಗಿಸಿ ನೋಡಿದರೆ ಹಿಂದಿನ ಮುಚ್ಚಳ ನಡುವೆ ಉಬ್ಬಿದೆ, ವಾಲ್ಯೂಮ್ ಬಟನ್ ಪಕ್ಕ ಸಂದು ಬಿಟ್ಟು ಒಳಗಿನ ಬ್ಯಾಟರಿಯ ಬೆಳ್ಳಿ ಬಣ್ಣದ ಚೀಲ ಕಾಣುತ್ತಿದೆ. ಲಿಥಿಯಂ ಬ್ಯಾಟರಿ ಕೆಟ್ಟರೆ ಒಳಗೆ ಗ್ಯಾಸ್ ತುಂಬಿ ಹೀಗೆ ಉಬ್ಬುತ್ತದೆ. ಚುಚ್ಚಿದರೆ, ಒತ್ತಿದರೆ ಬೆಂಕಿ ಹತ್ತಬಹುದು. ಮನೆಯಲ್ಲಿ ಮಕ್ಕಳು ಅದನ್ನೇ ಚಾರ್ಜಿಗೆ ಹಾಕಿ ಹಾಸಿಗೆ ಮೇಲೆ ಇಡುತ್ತಿದ್ದರು ಅಂತ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ನಿಮ್ಮಲ್ಲಿ ಯಾರದ್ದಾದರೂ ಹೀಗೆ ಉಬ್ಬಿದ್ದರೆ ಚಾರ್ಜ್ ಮಾಡಬೇಡಿ, ನೀವೇ ಬಿಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಸರ್ವೀಸ್ ಸೆಂಟರ್‌ಗೋ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೋ ಕೊಡಿ.

ಬಿಸಿಲಿಗೆ ಎಲ್ಲಾ ಬ್ಯಾಟರಿಯೂ ಸೊರಗುತ್ತವೆ, ಅದು ನಿಜ. ಆ್ಯಪಲ್ ತನ್ನ ಐಪ್ಯಾಡ್ ಬಳಸಲು ಹೇಳುವುದೇ 35 ಡಿಗ್ರಿವರೆಗಿನ ವಾತಾವರಣದಲ್ಲಿ. ನಮ್ಮಲ್ಲಿ ಏಪ್ರಿಲ್, ಮೇ ಬಂದರೆ 40 ದಾಟುವುದು ಮಾಮೂಲು. ಅದಕ್ಕೇ ಯಾವ ಟ್ಯಾಬ್ ಆದರೂ ನಿಲ್ಲಿಸಿದ ಕಾರಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ. ಹೊರಗೆ ಈ ಕಾವು ಇರುವಾಗ ಒಳಗೆ ಯಾರು ಮಾಡಿದರೋ ಗೊತ್ತಿಲ್ಲದ ಬ್ಯಾಟರಿ ಇದ್ದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಅಂಗಡಿಗೆ ಹೋದೆ. ಮಾಲೀಕರು ಟ್ಯಾಬ್ ಮುಟ್ಟಲೂ ಇಲ್ಲ. ಬಿಲ್ ಕೆಳಗಿನ ಸಾಲು ತೋರಿಸಿದರು: ಮಾರಿದ ಮಾಲು ವಾಪಸ್ ಇಲ್ಲ. "ಕಂಪನಿ ಸರ್ವೀಸ್ ಹೈದರಾಬಾದ್‌ನಾಗ ಅದ, ಅಲ್ಲಿ ಒಯ್ದು ಕೇಳ್ರಿ" ಅಂದರು. ಬಿಲ್‌ನಲ್ಲಿ ಬರೆದದ್ದು ಬರೀ "ಟ್ಯಾಬ್ 1". ಮಾಡೆಲ್ ಇಲ್ಲ, ಸೀರಿಯಲ್ ನಂಬರ್ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ. ಪಕ್ಕಾ ಬಿಲ್ ಕೊಡಿ ಅಂತ ಕೊಳ್ಳುವಾಗಲೇ ಕೇಳಿದ್ದೆ, ಪ್ರಿಂಟರ್ ಕೆಟ್ಟಿದೆ, ನಾಳೆ ಬನ್ನಿ ಅಂದಿದ್ದರು.

ಆ ಸಾಲು ನೋಡಿ ನೀವು ಸುಮ್ನೆ ಮನೆಗೆ ಬರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರುವ ವಸ್ತುವನ್ನು ವಾಪಸ್ ತೆಗೆದುಕೊಂಡು ದುಡ್ಡು ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ. ಬಿಲ್‌ನಲ್ಲಿ ಅವಧಿ ಹೇಳಿದ್ದರೆ ಅಷ್ಟರೊಳಗೆ, ಹೇಳದಿದ್ದರೆ 30 ದಿನದೊಳಗೆ. ಅದಕ್ಕೇ ತಂದ ಮೊದಲ ವಾರದಲ್ಲೇ ಎಲ್ಲಾ ಪರೀಕ್ಷೆ ಮಾಡಿ ಮುಗಿಸಿ. ಸುಳ್ಳು ಅಂಕಿ ಹಾಕಿ ಮಾರುವುದೂ ಅದೇ ಕಾಯ್ದೆಯಡಿ ಬರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ನಂಬರ್ 1915, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಫೋನ್‌ಪೇಯಲ್ಲಿ ಕೊಟ್ಟ ದುಡ್ಡಿನ ದಾಖಲೆ, ಬಾಕ್ಸ್, ಆ ಹಾಳು ಬಿಲ್, ಉಬ್ಬಿದ ಮುಚ್ಚಳದ ಫೋಟೊ, ತೆರೆಯದ ಫೈಲ್‌ಗಳ ವಿಡಿಯೊ, ಎಲ್ಲಾ ನಾನು ಇಟ್ಟುಕೊಂಡಿದ್ದೇನೆ. 1915ಕ್ಕೆ ದೂರು ದಾಖಲಾಗಿದೆ. ಆಮೇಲೆ ಅಂಗಡಿಯಿಂದ ಫೋನ್ ಬಂತು, ಅರ್ಧ ದುಡ್ಡು ಕೊಡುತ್ತೇವೆ, ಬಿಡ್ರಿ ಅಂದರು. ನಾನು ಪೂರ್ತಿ ಕೇಳುತ್ತಿದ್ದೇನೆ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ಮಾಡಬಹುದಾದ್ದು ಇದೆ. ಭಾರತದಲ್ಲಿ ಮಾರುವ ಟ್ಯಾಬ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಬಾಕ್ಸ್ ಮೇಲೋ ಟ್ಯಾಬ್ ಹಿಂದೆಯೋ ಆರ್ ಅಕ್ಷರದಿಂದ ಶುರುವಾಗುವ ಒಂದು ನಂಬರ್ ಇರುತ್ತದೆ. ಫೋನಿನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು ಆ ನಂಬರ್ ಕೊಟ್ಟರೆ ಅದು ಯಾರ ಹೆಸರಿಗಿದೆ, ಯಾವ ವಸ್ತುವಿಗೆ ಕೊಟ್ಟದ್ದು ಅಂತ ಬರುತ್ತದೆ. ನನ್ನ ಬಾಕ್ಸ್ ಮೇಲಿನ ನಂಬರ್ ಯಾವುದೋ ಚಾರ್ಜರ್ ಮಾಡುವವರದ್ದು. ಸಿಮ್ ಇರುವ ಟ್ಯಾಬ್ ಆದರೆ ಐಎಂಇಐ ನಂಬರ್ (ಆ ಟ್ಯಾಬ್‌ನ ಗುರುತಿನ ನಂಬರ್) ನೋಡಿಕೊಂಡು, KYM ಅಂತ ಇಂಗ್ಲಿಷ್‌ನಲ್ಲಿ ಬರೆದು, ಒಂದು ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ಬರುವ ಉತ್ತರದಲ್ಲಿ ಕಂಪನಿ, ಮಾಡೆಲ್ ಇರುತ್ತದೆ, ಕೈಯಲ್ಲಿರುವುದಕ್ಕೆ ಹೊಂದದಿದ್ದರೆ ಅಲ್ಲಿಂದಲೇ ಎದ್ದು ಬನ್ನಿ. ಬಿಲ್‌ನಲ್ಲಿ ಪೂರ್ತಿ ಮಾಡೆಲ್ ನಂಬರ್, ಸೀರಿಯಲ್ ನಂಬರ್, ಜಿಎಸ್‌ಟಿ ನಂಬರ್ ಬರೆಸಿ. ನಾಳೆ ಕೊಡುತ್ತೇವೆ ಅಂದರೆ ನಾಳೆಯೇ ಕೊಳ್ಳಿ. ಆ ಕಂಪನಿಯ ಸರ್ವೀಸ್ ಸೆಂಟರ್ ಕಲಬುರಗಿಯಲ್ಲಿ ಎಲ್ಲಿದೆ ಅಂತ ಅಂಗಡಿಯವರನ್ನು ಕೇಳಬೇಡಿ, ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡಿ.

ಬೆಲೆಯ ಅಂದಾಜಿಗೆ ಹೇಳುತ್ತೇನೆ, ಟ್ಯಾಬ್ ಎ9 2023ರ ಅಕ್ಟೋಬರ್‌ನಲ್ಲಿ ಬಂದಾಗ ವೈಫೈ ಮಾಡೆಲ್‌ಗೆ 12,999 ಇತ್ತು. 4 ಜಿಬಿ ರ್ಯಾಮ್, 64 ಜಿಬಿ ಸ್ಟೋರೇಜ್, 5100 ಎಂಎಎಚ್ ಬ್ಯಾಟರಿ. ಹೆಸರಿರುವ ಕಂಪನಿ ಆ ಬೆಲೆಗೆ ಕೊಟ್ಟದ್ದು ಇಷ್ಟು. ಅದಕ್ಕಿಂತ ಕಡಿಮೆಗೆ ಮೂರು ಪಟ್ಟು ರ್ಯಾಮ್, ನಾಲ್ಕು ಪಟ್ಟು ಸ್ಟೋರೇಜ್, ಮೇಲೆ ಕೀಬೋರ್ಡ್ ಫ್ರೀ ಅಂತ ಯಾರಾದರೂ ಕೊಟ್ಟರೆ ಎಲ್ಲಿಂದ ಕೊಡುತ್ತಾರೆ, ಅಲ್ವಾ?

ಈ ಬಾಕ್ಸ್ ಕಪ್ಪು ಬಣ್ಣದ್ದು, ಮೇಲೆ ಬಂಗಾರದ ಬಣ್ಣದಲ್ಲಿ 12+256 ಅಂತ ದೊಡ್ಡದಾಗಿ ಇದೆ. ಇಂಥದ್ದನ್ನು ಈಗಾಗಲೇ ಕೊಂಡವರು ಯಾರಾದರೂ ಇದ್ದರೆ ಬಾಕ್ಸ್ ಮೇಲಿನ ಆರ್ ನಂಬರ್ ಮತ್ತು ಬಿಲ್‌ನ ಫೋಟೊ ತೆಗೆದಿಟ್ಟುಕೊಂಡು ನನಗೆ ತಿಳಿಸಿ. ಆಯೋಗಕ್ಕೆ ಹೋಗಬೇಕಾಗಿ ಬಂದರೆ ಒಬ್ಬಳೇ ಹೋಗುವ ಬದಲು ನಾಲ್ಕು ಜನ ಸೇರಿ ಹೋಗೋಣ.