ಬೀಗರ ಮನೆಗೆ ಸಾಬೂನು ಒಯ್ಯಿರಿ, ಐಡಿ ಒಯ್ಯಬೇಡಿ: ಮನೆಯಿಂದಲೇ ನೇರ ಮಾರಾಟದ ‘ಪ್ಲ್ಯಾನ್’ ಹೇಗಿದೆ?

ಬೆಳಗಾವಿಯ ಟಿಳಕವಾಡಿ, ಬಾಗಲಕೋಟೆಯ ನವನಗರ, ವಿಜಯಪುರದ ಜಲನಗರ, ಯಾವ ಪಡಸಾಲೆಯಲ್ಲಿ ನೇರ ಮಾರಾಟದ ಕಂಪನಿಯ ‘ಪ್ಲ್ಯಾನ್’, ಅಂದರೆ ಸಾಮಾನು ಮಾರಿ, ಜನರನ್ನು ಸೇರಿಸಿ ಗಳಿಸುವ ಯೋಜನೆ, ತೋರಿಸಿದರೂ ಕೊನೆಗೆ ಕೈಗೆ ಬರುವುದು ಮೂರೇ: ಒಂದು ರಟ್ಟಿನ ಡಬ್ಬಿ, ಒಂದು ಐಡಿ ನಂಬರು (ಕಂಪನಿಯಲ್ಲಿ ನಿಮ್ಮ ಸದಸ್ಯತ್ವದ ಸಂಖ್ಯೆ), ಒಂದು ಆ್ಯಪ್. ಡಬ್ಬಿಯ ಮೇಲಿನ ಹೆಸರು ಬೇರೆ ಬೇರೆ ಇದ್ದರೂ ಒಳಗಿನ ಲೆಕ್ಕ ಬಹುತೇಕ ಒಂದೇ. ಆದ್ದರಿಂದ ಇಲ್ಲಿ ಯಾವ ಕಂಪನಿಯ ಹೆಸರೂ ಇಲ್ಲ. ಸಾಮಾನಿಗೆ ಐದರಲ್ಲಿ ಮೂರು ಅಂಕ, ಆ್ಯಪಿಗೆ ಎರಡೂವರೆ, ಸಂಬಂಧಿಕರನ್ನು ಜೋಡಿಸುವ ಪ್ಲ್ಯಾನಿಗೆ ಒಂದು. ಆ ಒಂದು ಅಂಕವೂ ಧಾರಾಳವೇ.

ಸಾಮಾನು ಕೆಟ್ಟದ್ದೇನಲ್ಲ, ಬೆಲೆಯದೇ ತಕರಾರು. ಸೋಯಾ ಪ್ರೋಟೀನ್ ಪುಡಿ ಇದ್ದರೆ ಡಬ್ಬಿಯ ಹಿಂದಿನ ಪಟ್ಟಿ ಓದಿ, ಒಂದು ಗ್ರಾಂ ಪ್ರೋಟೀನಿಗೆ ಎಷ್ಟು ಬೀಳುತ್ತದೆ ನೋಡಿ. 200 ಗ್ರಾಂ ಡಬ್ಬಿಗೆ 700 ರೂಪಾಯಿ, 100 ಗ್ರಾಂನಲ್ಲಿ 80 ಗ್ರಾಂ ಪ್ರೋಟೀನ್ ಎಂದಿದ್ದರೆ ಒಟ್ಟು 160 ಗ್ರಾಂ ಆಯಿತು; ಗ್ರಾಂಗೆ ನಾಲ್ಕು ರೂಪಾಯಿ ಮೂವತ್ತೇಳು ಪೈಸೆ. ಶೇಂಗಾದಲ್ಲಿ ಕಿಲೋಗೆ ಸುಮಾರು 250 ಗ್ರಾಂ ಪ್ರೋಟೀನ್ ಇರುತ್ತದೆ. ಕಿಲೋಗೆ 140 ರೂಪಾಯಿ ಹಿಡಿದರೆ ಗ್ರಾಂಗೆ 56 ಪೈಸೆ. ಎರಡರ ಗುಣ ಒಂದೇ ಅಲ್ಲ, ಸೋಯಾ ಪ್ರೋಟೀನ್ ಶೇಂಗಾದ್ದಕ್ಕಿಂತ ಮೇಲು, ನಿಜ. ಎಂಟು ಪಟ್ಟು ಮೇಲಲ್ಲ. ಮೈಸಾಬೂನಾದರೆ ಟಿಎಫ್‌ಎಂ, ಅಂದರೆ ಸಾಬೂನಿನ ಒಟ್ಟು ಕೊಬ್ಬಿನಂಶ, ನೋಡಿ: ಶೇಕಡಾ 76 ಅಥವಾ ಮೇಲಿದ್ದರೆ ಒಂದನೆಯ ದರ್ಜೆ. ಅದೇ ದರ್ಜೆಯದು ಕಿರಾಣಿ ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂದು ಗ್ರಾಂ ಲೆಕ್ಕದಲ್ಲಿ ಹೋಲಿಸಿ, ಬಿಲ್ಲೆಯ ಲೆಕ್ಕದಲ್ಲಿ ಅಲ್ಲ. ಪಾತ್ರೆ ತೊಳೆಯುವ ದಟ್ಟ ದ್ರಾವಣ ಮಾತ್ರ ಕೆಲವೊಮ್ಮೆ ನಿಜಕ್ಕೂ ಅಗ್ಗ ಬೀಳುತ್ತದೆ, ಲೇಬಲ್ ಹೇಳಿದಷ್ಟು ನೀರು ಬೆರೆಸಿದರೆ. ನಮ್ಮಲ್ಲಿ ಅದನ್ನು ಹಾಗೇ ಸುರಿಯುವುದು ರೂಢಿ. ಹಾಗೆ ಸುರಿದರೆ ಆ ಉಳಿತಾಯ ಮೋರಿಗೆ. ತಿನ್ನುವ ಸಾಮಾನಿನ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರು ಇರಲೇಬೇಕು. ಅದಿಲ್ಲದೆ ಸಕ್ಕರೆಕಾಯಿಲೆ, ಮಂಡಿನೋವು ಹೋಗುತ್ತದೆ ಎಂದು ಹೇಳುವ ಪುಡಿಯನ್ನು ಅಲ್ಲೇ ಬಿಟ್ಟು ಎದ್ದುಬನ್ನಿ.

ದಾಸ್ತಾನಿನ ಮಾತು ಸಭೆಯಲ್ಲಿ ಯಾರೂ ಎತ್ತುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ಬಿಸಿಲು. ತಗಡಿನ ಮಾಡಿನ ಕೋಣೆಯಲ್ಲಿಟ್ಟ ಜೆಲ್ ಕ್ಯಾಪ್ಸೂಲ್ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಮುಖದ ಕ್ರೀಮಿನಲ್ಲಿ ಎಣ್ಣೆ ಬೇರೆ ನೀರು ಬೇರೆ ಆಗುತ್ತದೆ. ಅಂಥದ್ದನ್ನು ಕಂಪನಿ ವಾಪಸು ತಗೊಳ್ಳುವುದಿಲ್ಲ. ಸೀಲ್ ಒಡೆಯದ, ಮಾರಲು ಯೋಗ್ಯವಾದ ಮಾಲನ್ನು ಮಾತ್ರ ತಗೊಳ್ಳುತ್ತೇವೆ ಎಂದು ಒಪ್ಪಂದದಲ್ಲೇ ಬರೆದಿರುತ್ತದೆ.

ಇನ್ನು ಪ್ಲ್ಯಾನ್. “ಕಾಕಾ, ನೀವೇನೂ ಮಾರೂದು ಬ್ಯಾಡ್ರಿ, ಬರೇ ಒಂದು ಐಡಿ ಹಾಕ್ರಿ. ಎಡಕ್ಕೊಬ್ಬರು, ಬಲಕ್ಕೊಬ್ಬರು, ಅಷ್ಟ.” ಇದು ಜೋಡಿ ಲೆಕ್ಕದ ಪ್ಲ್ಯಾನ್. ಎಡಗಾಲಿನಲ್ಲಿ, ಅಂದರೆ ನಿಮ್ಮ ಕೆಳಗಿನ ಎಡಬದಿಯ ಸಾಲಿನಲ್ಲಿ, 14 ಐಡಿ, ಬಲಗಾಲಿನಲ್ಲಿ 3 ಐಡಿ ಇದ್ದರೆ ಜೋಡಿ ಮೂರೇ. ಹಣ ಮೂರು ಜೋಡಿಯದೇ. ಉಳಿದ 11 ‘ಕ್ಯಾರಿ ಫಾರ್ವರ್ಡ್’ (ಮುಂದಕ್ಕೆ ಒಯ್ದದ್ದು) ಎಂದು ಆ್ಯಪಿನಲ್ಲಿ ಕಾಣುತ್ತವೆ, ಪ್ರತಿ ತಿಂಗಳು ನೀವು ಮಾಡಲೇಬೇಕಾದ ಖರೀದಿ ತಪ್ಪಿದರೆ ಅಳಿಸಿಹೋಗುತ್ತವೆ. ಆ ಎಡಗಾಲು ದಪ್ಪಗಾದದ್ದು ಹೆಚ್ಚಾಗಿ ಮೇಲಿನವರು (ನಿಮ್ಮನ್ನು ಸೇರಿಸಿದವರು, ಅವರ ಮೇಲಿನವರು) ತಮ್ಮ ಜನವನ್ನು ಅಲ್ಲಿ ಸುರಿದದ್ದರಿಂದ. ಹೊಸಬರಿಗೆ “ನಿಮ್ಮ ಕೆಳಗ ಆಗಲೇ 14 ಮಂದಿ ಅದಾರ” ಎಂದು ತೋರಿಸಲು ಇದು ಬಹಳ ಉಪಯೋಗ. ಬಲಗಾಲನ್ನು ಮಾತ್ರ ನೀವೇ ತುಂಬಬೇಕು, ಅಲ್ಲಿಗೇ ನೆಂಟರು ಬೇಕಾಗುವುದು.

ನೆಂಟರನ್ನು ಜೋಡಿಸಿದರೆ ಗಳಿಕೆ ಏರಬೇಕಲ್ಲ, ಯಾಕೆ ಇಳಿಯುತ್ತದೆ? ನಮ್ಮ ಸೀಮೆಯಲ್ಲಿ ಸೋದರಮಾವನ ಮಗಳು, ಅಕ್ಕನ ಮಗಳು, ಸೋದರತ್ತೆಯ ಮಗ ಎಂದು ಒಳಗೊಳಗೇ ಕೊಟ್ಟು ತಂದ ಮನೆಗಳು ಬಹಳ. ನಿಮ್ಮ ಬೀಗರೇ ನಿಮ್ಮ ತಂಗಿಗೆ ಹಿರಿಯತ್ತೆಯಾಗಿರುತ್ತಾರೆ. ನಿಮ್ಮ ಫೋನಿನಲ್ಲಿ ಗಿರಾಕಿಯಾಗಬಲ್ಲ 100 ಹೆಸರು, ತಂಗಿಯ ಫೋನಿನಲ್ಲಿ 100, ಎರಡರಲ್ಲೂ ಇರುವವರು 70 ಎಂದುಕೊಳ್ಳಿ. ಒಟ್ಟು 200 ಅಲ್ಲ, 130. ಐವರಲ್ಲಿ ಒಬ್ಬರು ತಿಂಗಳಿಗೆ 500 ರೂಪಾಯಿಯ ಸಾಮಾನು ಕೊಂಡು, ಮಾರಿದವರಿಗೆ ಅದರಲ್ಲಿ 100 ಉಳಿಯುತ್ತದೆ ಎನ್ನೋಣ. ನೀವೊಬ್ಬರೇ ಮಾರಿದರೆ 20 ಗಿರಾಕಿ, 2,000 ರೂಪಾಯಿ. ತಂಗಿಗೂ ಐಡಿ ಹಾಕಿಸಿದಿರಿ: 130ರಲ್ಲಿ 26 ಗಿರಾಕಿ, ಇಬ್ಬರಿಗೂ 13. ನಿಮ್ಮ ಮಾರಾಟದಿಂದ 1,300. ಆಕೆಯ 6,500 ರೂಪಾಯಿ ಮಾರಾಟದ ಮೇಲೆ ನಿಮಗೆ ಶೇಕಡಾ 5 ಎಂದರೂ 325. ಒಟ್ಟು 1,625. ಮೊದಲಿಗಿಂತ 375 ಕಡಿಮೆ, ಮೇಲಾಗಿ ನಿಮ್ಮಿಂದಲೇ ಕೊಳ್ಳುತ್ತಿದ್ದ ತಂಗಿ ಈಗ ಗಿರಾಕಿಯಲ್ಲ, ಎದುರಿನ ಅಂಗಡಿ. ಗುರುತಿಲ್ಲದ ಊರಿನವರನ್ನು ಜೋಡಿಸಿದರೆ ಈ ಲೆಕ್ಕ ಬೇರೆಯಾದೀತು, ನೆಂಟರಲ್ಲಿ ಆಗುವುದಿಲ್ಲ.

ಈ ನಷ್ಟ ಕಾಣದಂತೆ ಮಾಡುವುದು ಒಂದೇ: ಐಡಿ ಹಾಕಿಸಿದ್ದಕ್ಕೇ ಸಿಗುವ ಇನಾಮು. 2021ರ ಡಿಸೆಂಬರಿನಲ್ಲಿ ಬಂದ ಗ್ರಾಹಕ ರಕ್ಷಣೆ (ನೇರ ಮಾರಾಟ) ನಿಯಮಗಳು ಅಡ್ಡ ಬರುವುದೂ ಇಲ್ಲಿಯೇ. ಜನರನ್ನು ಸೇರಿಸಿದ್ದಕ್ಕೆ ಲಾಭ ಹಂಚುವುದು ಪಿರಮಿಡ್ ಯೋಜನೆ. ಕಂಪನಿಗೂ ನಿಷೇಧ, ಅದರಲ್ಲಿ ಪಾಲ್ಗೊಳ್ಳುವ ಮಾರಾಟಗಾರರಿಗೂ ನಿಷೇಧ. ಹಣ ಸುತ್ತಿಸುವ ಯೋಜನೆಗಳ ಮೇಲೆ 1978ರ ಕಾಯ್ದೆ ಬೇರೆ ಇದೆ. ಸೇರಲು ಫೀ ಕೇಳುವಂತಿಲ್ಲವಾದ್ದರಿಂದ ‘ಪ್ಯಾಕೇಜ್ ಖರೀದಿ’ ಎನ್ನುತ್ತಾರೆ. ಪರೀಕ್ಷೆ ಸರಳ: ಪ್ಯಾಕೇಜ್ ಕೊಳ್ಳದೆ, ಒಂದೇ ಒಂದು ಸಾಬೂನು ಕೊಂಡು ಐಡಿ ಸಿಗುತ್ತದೆಯೇ ಕೇಳಿ. “ಹಂಗ ಬರೂದಿಲ್ರಿ” ಎಂದರೆ ಉತ್ತರ ಸಿಕ್ಕಿತು. ಐದೈದು ಮಂದಿಯನ್ನು ಸೇರಿಸುವ ಸರಪಳಿಯೂ ದೂರ ಹೋಗದು: ಒಂಬತ್ತನೆಯ ಸುತ್ತಿಗೆ 19,53,125 ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ, ತೊಟ್ಟಿಲ ಕೂಸನ್ನೂ ಸೇರಿಸಿ, ಸುಮಾರು 18.9 ಲಕ್ಷ.

ಯಾರನ್ನು ಯಾರ ಕೆಳಗೆ ಹಾಕುವುದು ಎಂಬುದು ಇನ್ನೊಂದು ಹುಣ್ಣು. ದೊಡ್ಡಪ್ಪ ಅಳಿಯನ ಕೆಳಗೆ ಬಂದರೆ ದೊಡ್ಡಪ್ಪ ಕೊಂಡ ಪ್ರತಿ ಡಬ್ಬಿಯ ಪಾಲು ಅಳಿಯನಿಗೆ. ಇಬ್ಬರು ನೆಗೆಣಿಯರಲ್ಲಿ ಒಬ್ಬಾಕೆ ಮೇಲೆ, ಒಬ್ಬಾಕೆ ಕೆಳಗೆ. ಒಮ್ಮೆ ಕೂರಿಸಿದ ಜಾಗ ಬದಲಿಸಲು ಸಾಮಾನ್ಯವಾಗಿ ಬಿಡುವುದಿಲ್ಲ, ಐಡಿ ಮುಚ್ಚಿ ತಿಂಗಳುಗಟ್ಟಲೆ ಕಾಯಬೇಕು. ಇದಕ್ಕಿಂತ ಅಪಾಯದ್ದು ಅತ್ತೆಯ ಆಧಾರ್, ಪ್ಯಾನ್ ತಗೊಂಡು ಅವರ ಹೆಸರಲ್ಲಿ ಐಡಿ ತೆರೆದು ಓಟಿಪಿ ತಾವೇ ಹಾಕಿಕೊಳ್ಳುವುದು. ಕಮಿಷನ್ ಅತ್ತೆಯ ಆದಾಯವಾಗಿ ತೆರಿಗೆ ದಾಖಲೆಗೆ ಹೋಗುತ್ತದೆ. ನಾಳೆ ಕಂಪನಿಯ ಮೇಲೆ ದೂರು ದಾಖಲಾದರೆ, ಕೆಳಗೆ ಜನ ಸೇರಿಸಿದವರ ಪಟ್ಟಿಯಲ್ಲಿ ಸಿಗುವ ಹೆಸರು ಆ ಹಿರಿಯರದು.

ತಿಂಗಳ ಖರೀದಿಯ ಷರತ್ತು ನಮ್ಮ ಮನೆಗಳ ಆದಾಯಕ್ಕೇ ಹೊಂದುವುದಿಲ್ಲ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಬಿಲ್ಲು ಬರುವುದು ಹಂಗಾಮಿಗೆ. ತಿಕೋಟಾದ ದ್ರಾಕ್ಷಿಯವರು ಒಣದ್ರಾಕ್ಷಿಗೆ ದರ ಬರುವವರೆಗೆ ಕಾಯುತ್ತಾರೆ. ಬಿಲ್ಲು ಬಂದಾಗ ಪ್ಯಾಕೇಜ್ ಕೊಂಡು, ಮುಂದಿನ ತಿಂಗಳುಗಳಲ್ಲಿ ಕೈ ಬರಿದಾಗಿ ಐಡಿ ‘ಇನ್‌ಆ್ಯಕ್ಟಿವ್’ ಆಗುತ್ತದೆ. ಅದನ್ನು ಜೀವಂತ ಇಡಲೆಂದೇ ಸಂಘದ ಸಾಲ, ಭಿಶಿ (ಚೀಟಿ) ಹಣ ಹಾಕುವುದು ಶುರುವಾದರೆ, ಅಲ್ಲಿಂದ ಮುಂದೆ ನಡೆಯುವುದು ವ್ಯಾಪಾರವಲ್ಲ, ಬಡ್ಡಿ ಕಟ್ಟುವುದು.

ಹಾಗಿದ್ದೂ ಮಾರಬೇಕೆನ್ನುವವರು ಮಾರಬಹುದು. ಎರಡು ಮೂರು ಸಾಮಾನು ಮಾತ್ರ ಆರಿಸಿ, ಪಾತ್ರೆ ದ್ರಾವಣ, ನೆಲ ಒರೆಸುವ ದ್ರಾವಣದಂಥ ತೀರಿಹೋಗುವ ವಸ್ತು. ಆರ್ಡರ್ ಬಂದ ಮೇಲೆ ತರಿಸಿ. ಉದ್ರಿ ಬೇಡ, ಬೀಗರ ಹತ್ತಿರ ಉದ್ರಿ ವಸೂಲಿ ಆದ ಉದಾಹರಣೆ ಹುಡುಕುತ್ತ ಕೂರಬೇಡಿ. ಕುಬಸ, ಗೃಹಪ್ರವೇಶದ ಪಂಕ್ತಿಯಲ್ಲಿ ಡಬ್ಬಿ ತೆಗೆಯಬಾರದು ಎಂಬುದು ಬರೀ ಮರ್ಯಾದೆಯಲ್ಲ: ಗಿರಾಕಿಯ ಮನೆಗೆ ಗುರುತಿನ ಚೀಟಿ ಇಟ್ಟುಕೊಂಡು, ಮುಂಚೆ ಕೇಳಿಕೊಂಡೇ ಹೋಗಬೇಕೆಂದು ನಿಯಮವೂ ಹೇಳುತ್ತದೆ. ಬಿಲ್ಲು ಕೊಡಿ, ವಾಪಸಿನ ಷರತ್ತು ಮೊದಲೇ ಹೇಳಿ. ಮೊದಲ ಬಾಟಲಿಯನ್ನು ನೆಂಟರು ಮುಖ ನೋಡಿ ಕೊಳ್ಳುತ್ತಾರೆ, ಅದನ್ನು ಮಾರಾಟವೆಂದು ಲೆಕ್ಕಕ್ಕೆ ಹಿಡಿಯಬೇಡಿ. ನೀವು ನೆನಪಿಸದೆ ಎರಡನೆಯದನ್ನು ಕೇಳಿ ಫೋನ್ ಮಾಡಿದವರೇ ಗಿರಾಕಿ. ಮೂರು ತಿಂಗಳಲ್ಲಿ ಅಂಥವರು ಐದು ಮಂದಿಯೂ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸುವುದು ಲೇಸು.

ಈಗಾಗಲೇ ಸೇರಿದವರು ಒಪ್ಪಂದದಲ್ಲಿ ‘ಕೂಲಿಂಗ್ ಆಫ್’ ಅವಧಿ ಎಷ್ಟು ದಿನ ಎಂದು ಇಂದೇ ನೋಡಿ. ಅದರೊಳಗೆ ದಂಡವಿಲ್ಲದೆ ಹೊರಬರಬಹುದು. ಮೇಲಿನವರಿಗೆ ವಾಟ್ಸಾಪ್ ಮಾಡಿದರೆ ಅದು ರದ್ದತಿ ಅಲ್ಲ. ಐಡಿ ನಂಬರು, ಬಿಲ್ಲಿನ ಫೋಟೊ, ಒಡೆಯದ ಮಾಲಿನ ಪಟ್ಟಿ ಹಾಕಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಕಳಿಸಿ. 48 ಕೆಲಸದ ಗಂಟೆಗಳೊಳಗೆ ದೂರು ತಲುಪಿದ್ದಕ್ಕೆ ಉತ್ತರ ಬರಬೇಕು, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಇತ್ಯರ್ಥವಾಗಬೇಕು. ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915. ಅಲ್ಲೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ: ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ಸ್ವಂತ ಬಳಕೆಗೆ ಕೊಂಡ ಸಾಮಾನಿನ ಬಿಲ್ಲು ಬೇರೆ, ಮಾರಲು ಕೊಂಡದ್ದು ಬೇರೆ ಎಂದು ವಿಂಗಡಿಸಿಟ್ಟುಕೊಳ್ಳಿ. ನೀವು ಗ್ರಾಹಕರೋ ವ್ಯಾಪಾರಿಯೋ ಎಂದು ಎದುರಿನ ವಕೀಲರು ಮೊದಲು ತೆಗೆಯುವ ತಕರಾರೇ ಅದು.