ಕೋಪನ್‌ಹೇಗನ್‌ನ ಆ್ಯಪ್ ಕಾರು: ಓಡಿಸೋದು ಸುಲಭ, ಒಳಗೆ ಕೂರೋದೇ ಕಷ್ಟ

ಯೂರೋಪಿಗೆ ಹೋದಾಗ ಆ್ಯಪ್‌ನಲ್ಲಿ ಬುಕ್ ಮಾಡಿ ಎಲೆಕ್ಟ್ರಿಕ್ ಕಾರು ಓಡಿಸಬಹುದಾ ಅಂತ ಚಿಕ್ಕಮಗಳೂರಿನಲ್ಲಿ ಯಾರಾದರೂ ಕೇಳಿದರೆ ನಾನು ಮೊದಲು ಕೇಳೋದು, ನಿಮ್ಮ ಲೈಸೆನ್ಸ್‌ನಲ್ಲಿ ಹೆಸರು ಹೇಗಿದೆ ಅಂತ.

ನನ್ನ ಕೆಎ-18 ಲೈಸೆನ್ಸ್‌ನಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್ ಇವೆ. ಪಾಸ್‌ಪೋರ್ಟ್‌ನಲ್ಲಿ ಅವೇ ಬಿಡಿಸಿಕೊಂಡು, ಊರಿನ ಹೆಸರು, ಅಪ್ಪನ ಹೆಸರು ಎರಡೂ ಆಗಿ ಸರ್‌ನೇಮ್ ಜಾಗದಲ್ಲಿ ಕೂತಿವೆ. ಆ್ಯಪ್‌ನ ಲೆಕ್ಕದಲ್ಲಿ ಇವರು ಇಬ್ಬರು ಬೇರೆ ಬೇರೆ ಮನುಷ್ಯರು. ಲೈಸೆನ್ಸ್ ಫೋಟೊ ಕಳಿಸಿದರೆ ರಿಜೆಕ್ಟ್, ಸೆಲ್ಫಿ ಕಳಿಸಿದರೆ ಮತ್ತೆ ರಿಜೆಕ್ಟ್. ಪಾಸ್‌ಪೋರ್ಟ್, ಐಡಿಪಿ ಎರಡನ್ನೂ ಮೇಲ್ ಮಾಡಿದ ಮೇಲೆ ಯಾರೋ ಪುಣ್ಯಾತ್ಮರು ಕಣ್ಣಾರೆ ನೋಡಿ ಓಕೆ ಮಾಡಿದರು. ಐಡಿಪಿ ಅಂದರೆ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್. ಅದು ನಮ್ಮ ಆರ್‌ಟಿಒದಲ್ಲೇ ಸಿಗುತ್ತದೆ, ಅರ್ಜಿ ಹಾಕೋದು ಸಾರಥಿ ಪೋರ್ಟಲ್‌ನಲ್ಲಿ. ಒಂದೇ ವರ್ಷ ನಡೆಯುವುದರಿಂದ ಕೋಪನ್‌ಹೇಗನ್‌ನ ಮಗನ ಮನೆಗೆ ಹೊರಟಾಗಲೆಲ್ಲ ತಾರೀಕು ನೋಡಿಕೊಳ್ಳಬೇಕು.

ಅಷ್ಟು ದಾಟಿದರೆ ಮುಂದೆ ಆರಾಮ. ಡೆನ್ಮಾರ್ಕ್ ರಾಜಧಾನಿ ಕೋಪನ್‌ಹೇಗನ್‌ಗೆ ಹೀಗೆ ಆ್ಯಪ್‌ನಲ್ಲಿ ನಿಮಿಷದ ಲೆಕ್ಕಕ್ಕೆ ಬಾಡಿಗೆ ಸಿಗುವ ಎಲೆಕ್ಟ್ರಿಕ್ ಕಾರು ಹೊಸದೇನಲ್ಲ. 2015ರಲ್ಲೇ ಬಿಎಂಡಬ್ಲ್ಯೂ ಐ3, ಮರುವರ್ಷ ರೆನೋ ಜೋಯಿ ಕಾರುಗಳು ಹೀಗೆ ಬೀದಿಗೆ ಬಂದಿದ್ದವು. ರಸ್ತೆ ಬದಿಯಲ್ಲಿ ನಿಂತ ಕಾರನ್ನು ಮ್ಯಾಪ್‌ನಲ್ಲಿ ಹುಡುಕಿ, ಫೋನಿನಿಂದಲೇ ಬಾಗಿಲು ತೆಗೆದು ಹೊರಡೋದು. ಕೆಲಸ ಮುಗಿದ ಮೇಲೆ ಕಂಪನಿ ಗುರುತಿಸಿದ ಗಡಿಯೊಳಗೆ ಎಲ್ಲಾದರೂ ಬಿಟ್ಟು ನಡೆದುಬಿಡೋದು.

ಅಲ್ಲಿ ಸ್ಟೇರಿಂಗ್ ಎಡಕ್ಕೆ, ಗಾಡಿ ಹೋಗೋದು ಬಲಕ್ಕೆ. ಆದರೆ ಎಲೆಕ್ಟ್ರಿಕ್ ಕಾರಿನಲ್ಲಿ ಕ್ಲಚ್ಚಿಲ್ಲ, ಬಲಗೈಯಲ್ಲಿ ಗೇರು ಹಾಕುವ ಗೋಜಿಲ್ಲ. ನಮ್ಮಂಥವರಿಗೆ ಅರ್ಧ ಭಯ ಅಲ್ಲೇ ಹೋಗುತ್ತದೆ. ಉಳಿದರ್ಧ ಸೈಕಲ್‌ನವರದು. ನಾವು ಬಲಕ್ಕೆ ತಿರುಗುವಾಗ ಪಕ್ಕದ ಸೈಕಲ್ ಪಥದಲ್ಲಿ ನೇರ ಹೋಗುವವರಿಗೆ ದಾರಿ ಬಿಡಲೇಬೇಕು. ಅವರು ಬರೋ ಸ್ಪೀಡಿಗೆ ಬರೀ ಕನ್ನಡಿ ನಂಬಿದರೆ ಆಗದು, ಕತ್ತು ತಿರುಗಿಸಿ ನೋಡಬೇಕು. ಪಕ್ಕದಲ್ಲಿ ಕೂತ ನಮ್ಮ ಮನೆಯವರು "ರೀ, ಸೈಕಲ್ ರೀ" ಅನ್ನುತ್ತಲೇ ಇರುತ್ತಾರೆ. ಅದಕ್ಕೆ ಆ್ಯಪ್‌ನಲ್ಲಿ ಎಕ್ಸ್‌ಟ್ರಾ ಚಾರ್ಜ್ ಇಲ್ಲ.

ಬ್ಯಾಟರಿ ಚಿಂತೆ ಬೇಡ. ಡೆನ್ಮಾರ್ಕ್‌ನ ಅತಿ ಎತ್ತರದ ಗುಡ್ಡವೇ ಸುಮಾರು 171 ಮೀಟರ್, 1,930 ಮೀಟರ್‌ನ ಮುಳ್ಳಯ್ಯನಗಿರಿ ಹತ್ತಿಳಿದವರು ನಗಬೇಕು. ಘಾಟಿ ಇಲ್ಲದ ರಸ್ತೆಯಲ್ಲಿ ಉತ್ತರಕ್ಕಿರುವ ಹೆಲ್ಸಿಂಗೋರ್ ಪಟ್ಟಣದ ಕ್ರೋನ್‌ಬೋರ್ಗ್ ಕೋಟೆ ನೋಡಿ ವಾಪಸ್ ಬಂದರೂ ಚಾರ್ಜ್ ಉಳಿದಿರುತ್ತದೆ. ಚಳಿಗಾಲದಲ್ಲಿ ಮಾತ್ರ ಹೀಟರ್ ಹಾಕಿದ ತಕ್ಷಣ ರೇಂಜ್ ಕಣ್ಣೆದುರೇ ಇಳಿಯುತ್ತದೆ. ಚಾರ್ಜಿಂಗ್ ಗನ್ ನಮ್ಮಲ್ಲಿರುವ ಅದೇ ಟೈಪ್ 2. ಬ್ಯಾಟರಿ ಇಳಿದ ಕಾರನ್ನು ಚಾರ್ಜಿಗೆ ಹಾಕಿ ಹೋದರೆ ಒಂದಿಷ್ಟು ನಿಮಿಷ ಫ್ರೀ ಸಿಗೋದೂ ಉಂಟು.

ನನ್ನ ದೊಡ್ಡ ತಕರಾರು ಟ್ರಿಪ್ ಮುಗಿಸುವ ಕ್ರಮದ ಮೇಲೆ. ಬಟನ್ ಒತ್ತಿ, ಸರ್ವರ್ ಒಪ್ಪಿ, ಬಾಗಿಲು ಲಾಕ್ ಆಗುವ ತನಕ ದುಡ್ಡು ಓಡುತ್ತಲೇ ಇರುತ್ತದೆ. ಒಂದು ಮಾಲ್‌ನ ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಜಾಗವನ್ನು ಆ್ಯಪ್ಪೇ ತೋರಿಸಿತ್ತು. ಅಲ್ಲಿ ನೆಟ್‌ವರ್ಕೇ ಇಲ್ಲ! ಟ್ರಿಪ್ ಮುಗಿಯಲಿಲ್ಲ. ಹೆಂಡತಿಯನ್ನು ಕಾರಿನ ಹತ್ತಿರ ನಿಲ್ಲಿಸಿ ನಾನು ಮೇಲೆ ಹೋಗಿ ಫೋನ್ ಮಾಡಬೇಕಾಯಿತು. ಹೆಚ್ಚಿಗೆ ಹಿಡಿದ ದುಡ್ಡು ವಾಪಸ್ ಬಂತು ನಿಜ, ಆದರೆ ಮೇಲ್ ಮೇಲೆ ಮೇಲ್ ಹಾಕಿದ ಮೇಲೆ. ಇನ್ನೊಮ್ಮೆ ಬಂಪರ್‌ನ ಗೀರಿಗೆ ವಿವರಣೆ ಕೇಳಿದ್ದರು. ಹೊರಡುವ ಮುಂಚೆ ನಾಲ್ಕೂ ಕಡೆ ಫೋಟೊ ತೆಗೆದಿಟ್ಟಿದ್ದರಿಂದ ಬಚಾವಾದೆ.

ಊರೊಳಗಿನ ಓಡಾಟಕ್ಕೆ ನಾನಂತೂ ಕಾರು ತೆಗೆಯೋದಿಲ್ಲ. ಅಲ್ಲಿನ ಮೆಟ್ರೊ ದಿನದ 24 ಗಂಟೆಯೂ ಓಡುತ್ತದೆ. ಕಾರು ತೆಗೆದರೆ ಸಿಗ್ನಲ್‌ಗಳಲ್ಲಿ ನಿಂತು ಆಟೊ ಮೀಟರ್ ನೋಡಿದ ಹಾಗೆ ನಿಮಿಷ ಎಣಿಸಬೇಕು. ಮೊಮ್ಮಗು, ಲಗೇಜು ಕಟ್ಟಿಕೊಂಡು ಊರಾಚೆಯ ಕಡಲ ತೀರದ ಪಟ್ಟಣ ಡ್ರಾಗೋರ್ ಕಡೆ ಹೋಗೋದಾದರೆ ಇದೇ ವಾಸಿ. ದಿನವಿಡೀ ಬೇಕಿದ್ದರೆ ನಿಮಿಷದ ಲೆಕ್ಕ ಬಿಟ್ಟು ಪ್ಯಾಕೇಜ್ ತಗೊಳ್ಳಿ, ಅದರಲ್ಲಿ ಎಷ್ಟು ಕಿಲೋಮೀಟರ್ ಅಂತ ಮೊದಲೇ ಓದಿಕೊಳ್ಳಿ. ಕಾರ್ಡ್‌ನಲ್ಲಿ ಇಂಟರ್‌ನ್ಯಾಷನಲ್ ಪಾವತಿಯನ್ನು ಊರಲ್ಲೇ ಆನ್ ಮಾಡಿಕೊಂಡು ಹೊರಡಿ. ನಮ್ಮ ನಂಬರಿನ ರೋಮಿಂಗ್ ಆಫ್ ಮಾಡಬೇಡಿ, ಬ್ಯಾಂಕಿನ ಒಟಿಪಿ ಬರೋದು ಅದಕ್ಕೇ.