‘3.5 ಗಿಗಾಹರ್ಟ್ಸ್’ ಎಂಬ ಒಂದೇ ಅಂಕಿ ನೋಡಿ ಹಳೇ ಕಂಪ್ಯೂಟರ್ ತರಬೇಡಿ

ಮಗಳ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಅಂತ ಕಳೆದ ಡಿಸೆಂಬರ್‌ನಲ್ಲಿ 19,500 ರೂಪಾಯಿ ಕೊಟ್ಟು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಒಂದನ್ನು ತಂದೆ. ತಂದ ಮೂರನೇ ದಿನವೇ ಅದು ಅವಳ ಕೆಲಸಕ್ಕೆ ಬಾರದ್ದು ಅಂತ ಗೊತ್ತಾಯಿತು. ಅಡಿಕೆ ದುಡ್ಡು ಕೈಗೆ ಬರುವ ಹೊತ್ತಿಗೆ ಮಕ್ಕಳಿಗೊಂದು ಕಂಪ್ಯೂಟರ್ ಕೊಡಿಸೋಣ ಅನ್ನುವವರು ನಮ್ಮ ಮಲೆನಾಡಲ್ಲಿ ಬಹಳ ಜನ. ನನಗಾದದ್ದು ಅವರಿಗೆ ಆಗಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಮಗಳ ಪ್ರಾಜೆಕ್ಟ್ ಅಡಿಕೆಯ ಎಲೆಚುಕ್ಕಿ ರೋಗದ ಮೇಲೆ. ನಮ್ಮ ತೋಟ, ನೆಂಟರ ತೋಟ ಎಲ್ಲ ಸುತ್ತಿ ಸೋಗೆಯ 3000ಕ್ಕೂ ಹೆಚ್ಚು ಫೋಟೋ ತೆಗೆದಿದ್ದಳು. ಯಾವುದರಲ್ಲಿ ರೋಗ ಇದೆ, ಯಾವುದರಲ್ಲಿ ಇಲ್ಲ ಅಂತ ಗುರುತಿಸಲು ಕಂಪ್ಯೂಟರ್‌ಗೆ ಕಲಿಸಬೇಕು. ಕಾಲೇಜಿನ ಲ್ಯಾಬ್‌ನಲ್ಲಿ ಒಂದು ವರ್ಕ್‌ಸ್ಟೇಷನ್ ಇದೆ, ಆದರೆ ಅದಕ್ಕೆ ಸರದಿ ಕಾಯಬೇಕು, ಸಂಜೆ ಐದಕ್ಕೆ ಬಾಗಿಲು ಹಾಕುತ್ತಾರೆ. ಇಂಟರ್ನೆಟ್ ಮೂಲಕ ಗೂಗಲ್‌ನ ಕಂಪ್ಯೂಟರ್ ಬಳಸಲು ಕೊಡುವ ಗೂಗಲ್ ಕೊಲ್ಯಾಬ್‌ನಲ್ಲಿ ಮಾಡೋಣ ಅಂದರೆ ನಮ್ಮೂರಿನ ನೆಟ್‌ವರ್ಕ್‌ನಲ್ಲಿ ಫೋಟೋಗಳು ಅರ್ಧಕ್ಕೇ ನಿಂತುಬಿಡುತ್ತಿದ್ದವು.

ಲ್ಯಾಬ್ ಯಂತ್ರದ ಪರದೆಯ ಫೋಟೋ ಕಳಿಸಿದ್ದಳು. ‘ಇಂಟೆಲ್ ಜಿಯಾನ್ ಡಬ್ಲ್ಯೂ3-2423, 2.10 ಗಿಗಾಹರ್ಟ್ಸ್’ ಅಂತ ಅದರ ಪ್ರೊಸೆಸರಿನ ಹೆಸರು ಇತ್ತು. ಪೇಟೆಯ ಅಂಗಡಿಯಲ್ಲಿ ಅದನ್ನು ತೋರಿಸಿದೆ. ಅಂಗಡಿಯವರು ಒಂದು ಡಬ್ಬ ತೋರಿಸಿ, “ಅದು 2.1 ಅಷ್ಟೇ ಸಾರ್, ಇದು 3.5. ಇಂಟೆಲ್ಲೇ, ಏಳನೇ ಜನರೇಷನ್. ವಿಂಡೋಸ್‌ನಲ್ಲಿ ನಾಲ್ಕು ತೋರಿಸುತ್ತೆ ನೋಡಿ” ಅಂದರು. ಪರದೆಯಲ್ಲಿ ನಾಲ್ಕು ಇತ್ತು, ಲೆಕ್ಕ ಮಾಡುವ ಕೋರ್‌ಗಳೇ ನಾಲ್ಕು ಅಂದುಕೊಂಡೆ. ಸಾಕೆಟ್, ಅಂದರೆ ಪ್ರೊಸೆಸರ್ ಕೂರಿಸುವ ಜಾಗ, ಒಂದೇ ಇರೋದರಿಂದ ಮುಂದೆ ಎಂಟನೇ, ಒಂಬತ್ತನೇ ಜನರೇಷನ್ ಪ್ರೊಸೆಸರನ್ನೂ ಹಾಕಿಕೊಳ್ಳಬಹುದು ಅಂತಲೂ ಹೇಳಿದರು. ಬಿಲ್ಲಿನಲ್ಲಿ ಬರೆದದ್ದು ‘ಇಂಟೆಲ್ ಸಿಪಿಯು 3.5, 8 ಜಿಬಿ’ ಎಂದಷ್ಟೇ. ಮಾಡೆಲ್ ಹೆಸರು ಎಲ್ಲೂ ಇರಲಿಲ್ಲ, ನಾನೂ ಕೇಳಲಿಲ್ಲ.

ಮನೆಗೆ ತಂದು ಮಗಳು ವಿಂಡೋಸ್ ಬದಲು ಉಬುಂಟು ಹಾಕಿದಳು. ಕಂಪ್ಯೂಟರ್‌ಗೆ ಹೀಗೆ ಕಲಿಸುವ ಸಾಫ್ಟ್‌ವೇರ್ ಟೆನ್ಸರ್‌ಫ್ಲೋ ಶುರು ಮಾಡಿದ ಕ್ಷಣಕ್ಕೇ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಅಂತ ಒಂದು ಸಾಲು ಬಂದು ಎಲ್ಲ ನಿಂತಿತು. ಎರಡು ದಿನ ಬಿಚ್ಚಿ ಜೋಡಿಸಿದಳು, ಮೂರನೇ ದಿನ ಬಂದು, “ಅಪ್ಪ, ತಪ್ಪು ಸಾಫ್ಟ್‌ವೇರಿನದಲ್ಲ, ಈ ಪ್ರೊಸೆಸರಿಗೆ ಆ ಆದೇಶವೇ ಗೊತ್ತಿಲ್ಲ” ಅಂದಳು. ಅವಳ ಮುಖ ನೋಡಲು ಆಗಲಿಲ್ಲ ನನಗೆ.

ಒಳಗಿದ್ದದ್ದು ಪೆಂಟಿಯಂ ಜಿ4560. 2017ರ ಜನವರಿಯಲ್ಲಿ ಬಂದ ಅಗ್ಗದ ಪ್ರೊಸೆಸರ್, ಆಗ ಅದರ ಬೆಲೆ 64 ಡಾಲರ್. ಮನೆಯ ಲೆಕ್ಕ, ಬ್ರೌಸಿಂಗ್, ಆ ಕಾಲದ ಆಟಗಳಿಗೆ ಒಳ್ಳೆಯದೇ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಅದರಲ್ಲಿ ಎವಿಎಕ್ಸ್ ಇಲ್ಲ. ಒಂದೇ ಆದೇಶಕ್ಕೆ ಎಂಟು ಸಂಖ್ಯೆಗಳನ್ನು ಒಟ್ಟಿಗೆ ಲೆಕ್ಕ ಮಾಡುವ ಏರ್ಪಾಡು ಅದು. ಇಂಟೆಲ್ ಇದನ್ನು 2011ರಲ್ಲೇ ತಂದಿತ್ತು, ಆ ವರ್ಷದ ಕೋರ್ ಐ3ಯಲ್ಲೂ ಇತ್ತು. ಆರು ವರ್ಷ ಕಳೆದು ಬಂದ ಈ ಪೆಂಟಿಯಂನಲ್ಲಿ ಮಾತ್ರ ಇಲ್ಲ, ಅಗ್ಗದ ಪೆಂಟಿಯಂ, ಸೆಲೆರಾನ್‌ಗಳಲ್ಲಿ ಇಂಟೆಲ್ ಅದನ್ನು ಬಹಳ ವರ್ಷ ಕೊಡಲೇ ಇಲ್ಲ. ಇತ್ತ ಟೆನ್ಸರ್‌ಫ್ಲೋ 2018ರ 1.6 ಆವೃತ್ತಿಯಿಂದ ಸಿದ್ಧ ಪ್ಯಾಕೇಜ್‌ಗಳಿಗೆ ಎವಿಎಕ್ಸ್ ಬೇಕೇ ಬೇಕು ಅಂತ ಮಾಡಿತು. ಹಾಗಾಗಿ ‘ಏಳನೇ ಜನರೇಷನ್’ ಅನ್ನುವ ಮಾತೂ ನಿಮ್ಮನ್ನು ಕಾಯುವುದಿಲ್ಲ. ಸಿದ್ಧ ಪ್ಯಾಕೇಜ್ ಬಿಟ್ಟು ಟೆನ್ಸರ್‌ಫ್ಲೋವನ್ನು ಈ ಯಂತ್ರಕ್ಕೇ ಹೊಂದುವಂತೆ ಸೋರ್ಸ್‌ನಿಂದ ಕಂಪೈಲ್ ಮಾಡಲು ಮಗಳು ಒಂದು ರಾತ್ರಿ ಪೂರ್ತಿ ಬಿಟ್ಟಿದ್ದಳು. ಬೆಳಿಗ್ಗೆ ನೋಡಿದರೆ ಮೆಮೊರಿ ಸಾಲದೆ ನಿಂತಿತ್ತು.

ಇನ್ನು ಆ 3.5 ಮತ್ತು 2.1ರ ವಿಷಯ. ಗಿಗಾಹರ್ಟ್ಸ್ ಹೇಳುವುದು ಸೆಕೆಂಡಿಗೆ ಎಷ್ಟು ಬಡಿತ ಅನ್ನುವುದನ್ನು, 3.5 ಅಂದರೆ 350 ಕೋಟಿ. ಒಂದು ಬಡಿತಕ್ಕೆ ಎಷ್ಟು ಕೆಲಸ ಆಗುತ್ತದೆ ಅನ್ನುವುದು ಅದರಲ್ಲಿ ಇಲ್ಲ. ಪೆಂಟಿಯಂನ 3.5 ಸ್ಥಿರ, ಅಗತ್ಯ ಬಿದ್ದಾಗ ವೇಗ ಏರಿಸುವ ಟರ್ಬೊ ಅದಕ್ಕೆ ಇಲ್ಲ. ಜಿಯಾನ್‌ನ 2.1 ಅದರ ಮೂಲ ವೇಗ ಮಾತ್ರ, ಅಗತ್ಯ ಬಿದ್ದಾಗ 4.2ರವರೆಗೆ ಏರುತ್ತದೆ. ಅದರಲ್ಲಿ ಕೋರ್ ಆರು, ಇದರಲ್ಲಿ ಎರಡು. ನನಗೆ ತೋರಿಸಿದ ‘ನಾಲ್ಕು’ ಕೋರ್‌ಗಳಲ್ಲ, ಥ್ರೆಡ್‌ಗಳು, ಅಂದರೆ ಒಂದೊಂದು ಕೋರ್ ಒಟ್ಟಿಗೆ ಹಿಡಿದುಕೊಳ್ಳುವ ಎರಡೆರಡು ಕೆಲಸದ ಸಾಲುಗಳು. ಕೊಟ್ಟಿಗೆಯಲ್ಲಿ ಅಡಿಕೆ ಸುಲಿಯುವ ಇಬ್ಬರ ಮುಂದೆ ಎರಡೆರಡು ಬುಟ್ಟಿ ಇಟ್ಟರೆ ಕೈ ಖಾಲಿ ಕೂರುವುದು ತಪ್ಪುತ್ತದೆ, ಕೆಲಸ ತುಸು ಬೇಗವೂ ಆಗುತ್ತದೆ. ಆದರೆ ಸುಲಿಯುವವರು ಇಬ್ಬರೇ.

ಎವಿಎಕ್ಸ್ ಇಲ್ಲದ ಪೆಂಟಿಯಂ ಒಂದು ಆದೇಶಕ್ಕೆ ನಾಲ್ಕು ಸಂಖ್ಯೆ ಹಿಡಿದರೆ, ಎವಿಎಕ್ಸ್‌ನ ಮುಂದಿನ ರೂಪವಾದ ಎವಿಎಕ್ಸ್-512 ಇರುವ ಜಿಯಾನ್ ಹದಿನಾರು ಹಿಡಿಯುತ್ತದೆ. ಪೆಂಟಿಯಂ ಮೆಮೊರಿಯ ಜೊತೆ ಮಾತಾಡುವುದು ಎರಡು ಚಾನೆಲ್‌ಗಳಲ್ಲಿ (ದಾರಿಗಳಲ್ಲಿ), ಅದೂ ಹಳೆಯ ಬಗೆಯ ಡಿಡಿಆರ್4 ಮೆಮೊರಿ. ಜಿಯಾನ್‌ನದ್ದು ನಾಲ್ಕು ಚಾನೆಲ್, ಹೊಸ ಬಗೆಯ ಡಿಡಿಆರ್5. ಪೆಂಟಿಯಂ 54 ವ್ಯಾಟ್‌ನದ್ದು, ಅದು 120 ವ್ಯಾಟ್‌ನದ್ದು. ಇವೆರಡನ್ನೂ ಒಂದೇ ಅಂಕಿಯಲ್ಲಿ ಅಳೆದದ್ದು ನನ್ನ ತಪ್ಪು. ಗೊತ್ತಿದ್ದೂ ಅಳೆಯಲು ಬಿಟ್ಟದ್ದು ಅಂಗಡಿಯವರದ್ದು.

ವಾಪಸ್ ಕೇಳಲು ಹೋದೆ. “ಪ್ರೊಸೆಸರ್ ಕೆಟ್ಟಿಲ್ಲವಲ್ಲ ಸಾರ್” ಅಂದರು. ಕೆಟ್ಟಿರಲಿಲ್ಲ ನಿಜ. ಬಿಲ್ಲಿನಲ್ಲಿ ಮಾಡೆಲ್ಲೇ ಇಲ್ಲದ ಮೇಲೆ ಯಾವುದನ್ನು ಹಿಡಿದು ವಾದಿಸುವುದು? ಮುಂದೆ ಒಂಬತ್ತನೇ ಜನರೇಷನ್ ಹಾಕಬಹುದು ಅಂದ ಮಾತೂ ಸುಳ್ಳಾಯಿತು. ಸಾಕೆಟ್ ಹೆಸರು ಎರಡಕ್ಕೂ ಎಲ್‌ಜಿಎ1151 ನಿಜ, ಆದರೆ ಇದರಲ್ಲಿದ್ದ ಎಚ್110 ಮದರ್‌ಬೋರ್ಡ್ ಆರು ಮತ್ತು ಏಳನೇ ಜನರೇಷನ್ ಮಾತ್ರ ತೆಗೆದುಕೊಳ್ಳುತ್ತದೆ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೂ ಈ ಪ್ರೊಸೆಸರ್ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿತ್ತು, ನಾನು ಕೊಂಡದ್ದು ಅದಾದ ಮೇಲೆ.

ದಯವಿಟ್ಟು ದುಡ್ಡು ಕೊಡುವ ಮೊದಲು ಯಂತ್ರ ಆನ್ ಮಾಡಿಸಿ. ವಿಂಡೋಸ್ ಆದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ತೆರೆದು ಸಿಪಿಯು ಒತ್ತಿ. ಪೂರ್ತಿ ಮಾಡೆಲ್ ಹೆಸರು ಮೇಲೆ ಕಾಣುತ್ತದೆ, ಕೆಳಗೆ ‘ಕೋರ್ಸ್’ ಮತ್ತು ‘ಲಾಜಿಕಲ್ ಪ್ರೊಸೆಸರ್ಸ್’ ಬೇರೆ ಬೇರೆ ಇರುತ್ತವೆ, ಮೊದಲನೆಯದನ್ನು ನೋಡಿ. ಆ ಹೆಸರನ್ನು ಅಲ್ಲೇ ಮೊಬೈಲ್‌ನಲ್ಲಿ ಇಂಟೆಲ್‌ನ ಜಾಲತಾಣದಲ್ಲಿ ಹುಡುಕಿದರೆ ಬಂದ ವರ್ಷ, ಇನ್‌ಸ್ಟ್ರಕ್ಷನ್ ಸೆಟ್ ಎಲ್ಲ ಸಿಗುತ್ತದೆ. ಜಿ4560ಕ್ಕೆ ಅಲ್ಲಿ ಎವಿಎಕ್ಸ್‌ಗಿಂತ ಹಳೆಯದಾದ ಎಸ್‌ಎಸ್‌ಇ 4.1, 4.2 ಅಂತ ಮಾತ್ರ ಇದೆ. ಐದು ನಿಮಿಷದ ಕೆಲಸ. ಬಿಲ್ಲಿನಲ್ಲಿ ಮಾಡೆಲ್ ಬರೆಯಲು ಒಪ್ಪದಿದ್ದರೆ ಆ ಅಂಗಡಿಯಲ್ಲಿ ಕೊಳ್ಳಬೇಡಿ. ಅದಕ್ಕೂ ಮೊದಲು, ಬಳಸುವ ಮಕ್ಕಳನ್ನೇ ಜೊತೆಗೆ ಕರೆದುಕೊಂಡು ಹೋಗಿ. ಅಚ್ಚರಿಪಡಿಸಬೇಕು ಅಂತ ನಾನೊಬ್ಬನೇ ಹೋಗಿದ್ದೆ.

ಕೊನೆಗೆ ಬೇರೆ ಕಡೆಯಿಂದ ಹಳೆಯ ಕೋರ್ ಐ5-7500 ತಂದು ಅದೇ ಬೋರ್ಡ್‌ಗೆ ಹಾಕಿದೆವು, ಮೆಮೊರಿಯನ್ನು 16 ಜಿಬಿ ಮಾಡಿದೆವು. ಅದರ ಮೂಲ ವೇಗ 3.4, ಅಂದರೆ ಪೆಂಟಿಯಂಗಿಂತ ಕಡಿಮೆ. ಆದರೆ ನಿಜವಾದ ನಾಲ್ಕು ಕೋರ್ ಇವೆ, ಎವಿಎಕ್ಸ್2 ಇದೆ. ಟೆನ್ಸರ್‌ಫ್ಲೋ ಮೊದಲ ಸಲಕ್ಕೇ ತೆರೆದುಕೊಂಡಿತು. ಲ್ಯಾಬ್ ಯಂತ್ರದ ವೇಗ ಖಂಡಿತ ಇಲ್ಲ. ಮಗಳು ಈಗ ಚಿಕ್ಕ ಗಾತ್ರದ ಫೋಟೋಗಳಲ್ಲಿ ಮನೆಯಲ್ಲೇ ಪ್ರಯೋಗ ಮಾಡಿ ನೋಡುತ್ತಾಳೆ, ಸರಿ ಬಂದದ್ದನ್ನು ಮಾತ್ರ ಪೆನ್‌ಡ್ರೈವ್‌ನಲ್ಲಿ ಲ್ಯಾಬ್‌ಗೆ ಒಯ್ಯುತ್ತಾಳೆ.